ಹದಿನೈದು ವರ್ಷದ ಮಾತು

ನನ್ನ ಗಂಡ ತೀರಿಕೊಂಡು ಏಳು ತಿಂಗಳಾಗಿತ್ತು. ಮನೆಯಲ್ಲೊಂದು ನಾಯಿಮರಿ ಓಡಾಡಿಕೊಂಡಿದ್ದರೆ ನಾನು ಸುಧಾರಿಸುತ್ತೇನೆಂದು ಅಣ್ಣನೇ ತೀರ್ಮಾನಿಸಿದ್ದ.

ಮರಿ ಮಾರುವವರಲ್ಲಿ ನಾವು ಮೊದಲು ಕಂಡವನು ಹನ್ನೆರಡು ಸಾವಿರಕ್ಕೆ ಕೊಡುತ್ತೇನೆಂದ. ತಾಯಿನಾಯಿಯನ್ನು ಮಾತ್ರ ತೋರಿಸಲಿಲ್ಲ. ಎರಡನೆಯ ಮನೆಯಾಕೆ ಮೂವತ್ತು ಹೇಳಿದರು. ಅವರ ಅಡುಗೆಮನೆಯ ಮೂಲೆಯಲ್ಲಿ ತಾಯಿ ನಾಲ್ಕು ಮರಿಗಳಿಗೆ ಹಾಲೂಡಿಸುತ್ತಾ ಮಲಗಿತ್ತು. ಐದನೆಯದನ್ನು ನನ್ನ ಮಡಿಲಲ್ಲಿಟ್ಟರು.

"ಅಂಗೈಯಷ್ಟಿದೆ, ಮೂವತ್ತಾ? ಇದಕ್ಕಿಂತ ಚಿನ್ನಾನೇ ವಾಸಿ," ಎಂದ ಅಣ್ಣ.

"ಹಾಗಿದ್ರೆ ಚಿನ್ನಾನೇ ಸಾಕ್ಕೊಳ್ಳಿ. ಅದಕ್ಕೆ ಲಸಿಕೆನೂ ಬೇಡ."

ಅಣ್ಣ ನಕ್ಕು ಮುಂಗಡದ ಹಣ ತೆಗೆದ. ಆಕೆ ಅದನ್ನು ಮುಟ್ಟಲಿಲ್ಲ.

"ಮರಿ ನೋಡ್ಕೊಳ್ಳೋರು ಯಾರು?"

"ನಾವೆಲ್ಲ ಇದ್ದೀವಲ್ಲ," ಎಂದ ಅಣ್ಣ.

"ನಿಮ್ಮನ್ನ ಕೇಳ್ಲಿಲ್ಲ ಸ್ವಾಮಿ. ಇದು ಹದಿನೈದು ವರ್ಷ ಬದುಕುತ್ತೆ ಕಣಮ್ಮ. ಅಲ್ಲೀತನಕ ನೀನು ಇರ್ತೀಯಾ ಇದರ ಜೊತೆ?"

ಬಂದವರಿಗೆಲ್ಲ ಕೇಳುವ ಪ್ರಶ್ನೆಯೇ ಇರಬೇಕು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಮರಿ ನನ್ನ ಹೆಬ್ಬೆರಳು ಚೀಪುತ್ತಿತ್ತು.

"ಗೊತ್ತಿಲ್ಲ," ಎಂದೆ. "ನಾಳೆ ಇರ್ತೀನಾ ಅನ್ನೋದೇ ಗೊತ್ತಿಲ್ಲ."

ಅಣ್ಣ ಹಣ ಹಿಡಿದುಕೊಂಡು ಹಾಗೇ ನಿಂತ. ಆಕೆ ಮರಿಯನ್ನೆತ್ತಿ ತಾಯಿಯ ಮಗ್ಗುಲಿಗೆ ಬಿಟ್ಟರು.

"ಹಾಲು ಬಿಡೋಕೆ ಇನ್ನೂ ಮೂರು ವಾರ ಇದೆ. ಬೇರೆಯವರಿಗೆ ಕೊಡಲ್ಲ. ಆಗಾಗ ಬಂದು ನೋಡ್ಕೊಂಡು ಹೋಗು."

ಕಾರಿನಲ್ಲಿ ಕೂತ ಅಣ್ಣ ಕೀಲಿ ತಿರುಗಿಸಲಿಲ್ಲ. "ಇವತ್ತು ನಮ್ಮನೆಗೇ ಹೋಗೋಣ," ಎಂದ. ಸ್ವಲ್ಪ ಹೊತ್ತಿನ ಮೇಲೆ, "ಎಷ್ಟು ದಿನದಿಂದ ಹೀಗನ್ನಿಸ್ತಿದೆ?" ಎಂದು ಕೇಳಿದ.

ನಾನು ಹೇಳತೊಡಗಿದೆ.