ಮಂಜಿನ ಸಾಲು

ಶುಕ್ರವಾರ ಬೆಳಿಗ್ಗೆ ಸ್ಕಾರ್‌ಬೆಕ್ ಆಸ್ಪತ್ರೆಯ ಬೇಲಿ ಕಾಣದಾಯಿತು. ಮೊದಲು ಬಯಲಿನ ಕುರಿಗಳು ಹೋದವು, ಆಮೇಲೆ ಹೊಲಗಳ ಕಲ್ಲುಗೋಡೆಗಳು, ಕೊನೆಗೆ ಎರಡಾಳಿಗಿಂತ ಎತ್ತರದ ಉಕ್ಕಿನ ಜಾಲರಿ. ಲೊರೇನ್ ಥ್ವೈಟ್ ಕಚೇರಿಯ ಕಿಟಕಿಯಲ್ಲಿ ಚಹಾದ ಮಗ್ ಹಿಡಿದು ನಿಂತು, ದೀಪದ ಕಂಬಗಳು ಒಂದೊಂದಾಗಿ ಅಳಿಸಿಹೋಗುವುದನ್ನು ನೋಡಿದಳು. ಒಂದು ಕಂಬದ ಬುಡದಿಂದ ಮುಂದಿನ ಕಂಬ ಕಾಣದಿದ್ದರೆ ಅದು ಮಂಜು. ಕಂಡರೆ ಬರೀ ಮಬ್ಬು. ಸ್ಕಾರ್‌ಬೆಕ್‌ನ ಲೆಕ್ಕ ಅಷ್ಟೇ.

ಸಿಬ್ಬಂದಿಯ ಕೈರೇಡಿಯೋದಲ್ಲಿ ಕಾವಲು ವಿಭಾಗದವರು ಮಂಜು ಘೋಷಿಸಿದರು. ಅಂದರೆ ಯಾವ ರೋಗಿಯೂ ವಾರ್ಡು ಬಿಟ್ಟು ಹೊರಬರುವಂತಿಲ್ಲ, ವಾಹನದ ಗೇಟು ತೆರೆಯುವಂತಿಲ್ಲ. ಬೇಲಿಯ ಕ್ಯಾಮೆರಾಗಳಿಗೆ ಬಿಳುಪಿನ ಹೊರತು ಏನೂ ಕಾಣುತ್ತಿರಲಿಲ್ಲ.

ಅದೇ ಹೊತ್ತಿಗೆ ಒಳ ಅಂಗಳದಲ್ಲಿ ಒಂದು ವ್ಯಾನು ನಿಂತಿತ್ತು. ಮಂಜು ದಟ್ಟವಾಗುವ ಮೊದಲೇ ಬಂದದ್ದು. ಅದು ಬಂದದ್ದು ರೇಮಂಡ್ ಓಲ್ಡ್‌ರಾಯ್ಡ್‌ನನ್ನು ಕರೆದೊಯ್ಯಲು.

ಕೋರ್ಟು ಕಳಿಸಿದ ಮನೋರೋಗಿಗಳನ್ನು ಬಿಗಿ ಕಾವಲಿನಲ್ಲಿಟ್ಟು ಚಿಕಿತ್ಸೆ ಕೊಡುವ ಆಸ್ಪತ್ರೆ ಇದು. ರೇಮಂಡ್ ಇಲ್ಲಿಗೆ ಬಂದಾಗ ಇಪ್ಪತ್ತನಾಲ್ಕರ ಹುಡುಗ. ಕಾಯಿಲೆಯ ಕಾಲದಲ್ಲಿ ಅವನ ಕೈಯಿಂದ ಒಂದು ಜೀವ ಹೋಗಿತ್ತು. ಈಗ ಅವನ ತಲೆ ಪೂರ್ತಿ ನರೆತಿದೆ. ಕಾವಲು ಸಡಿಲವಿರುವ ಇನ್ನೊಂದು ಆಸ್ಪತ್ರೆಗೆ ಅವನನ್ನು ಕಳಿಸಲು ಸರ್ಕಾರ ಒಪ್ಪಿತ್ತು. ಅಲ್ಲಿಂದ ಅವನ ಅಕ್ಕ ಐರಿಸಳ ಮನೆಗೆ ಒಂದೇ ಬಸ್ಸು. ಸೊಂಟ ಮುರಿದುಕೊಂಡ ಮೇಲೆ ಆಕೆ ಸ್ಕಾರ್‌ಬೆಕ್‌ವರೆಗೆ ಬಂದಿಲ್ಲ. ಸಂಜೆ ನಾಲ್ಕರೊಳಗೆ ರೇಮಂಡ್ ತಲುಪದಿದ್ದರೆ ಆ ಹಾಸಿಗೆ ಬೇರೆಯವರ ಪಾಲು. ಮಾರ್ಚಿನಲ್ಲಿ ಹಾಗೇ ಆಗಿತ್ತು. ಅವತ್ತು ಗೇಟಿನ ಮೋಟಾರು ಕೆಟ್ಟು, ವ್ಯಾನು ಅರ್ಧ ದಿನ ಕಾದು, ಖಾಲಿ ಮರಳಿತ್ತು. ಗೇಟು ಲೊರೇನಳ ಸುಪರ್ದಿಗೆ ಸೇರಿದ್ದು.

ಸೂರು, ಕೊಳವೆ, ಬಾಗಿಲು, ಅಡುಗೆಮನೆ, ಲಾಂಡ್ರಿ, ಕಸಗುಡಿಸುವವರು, ತೋಟ, ಎಲ್ಲ ಅವಳ ಕೆಳಗೇ. ಹತ್ತೊಂಬತ್ತನೇ ವಯಸ್ಸಿನಲ್ಲಿ ಬಣ್ಣ ಬಳಿಯುವವಳಾಗಿ ಬಂದಿದ್ದಳು. ಈಗ ಅವಳೇ ಮುಖ್ಯಸ್ಥೆ.

ಕಾವಲು ವಿಭಾಗದ ಗ್ರೇಮ್ ಆಸ್ಕ್ಯೂನ ಕೋಣೆಯಲ್ಲಿ ಪರದೆಗಳೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಿದ್ದವು.

"ಏನೂ ಕೇಳಬೇಡ," ಅಂದ ಅವನು, ತಿರುಗಿಯೂ ನೋಡದೆ. "ಗೇಟು ತೆಗೆಯಲ್ಲ."

"ಇನ್ನೂ ಬಾಯೇ ತೆರೆದಿಲ್ಲ ನಾನು."

"ನಿನ್ನ ಬೂಟಿನ ಸದ್ದಲ್ಲೇ ಗೊತ್ತಾಯ್ತು. ಮಧ್ಯಾಹ್ನದವರೆಗೆ ಹೀಗೇ ಇರುತ್ತಂತೆ, ಆಮೇಲೂ ಹೇಳೋಕಾಗಲ್ವಂತೆ."

"ಮನುಷ್ಯರ ಕಣ್ಣು ಬೇಲಿ ಉದ್ದಕ್ಕೂ ಇದ್ರೆ ತೆಗೀಬಹುದು. ಆ ನಿಯಮ ಇನ್ನೂ ಇದೆ ಅಲ್ವಾ?"

ಆಸ್ಕ್ಯೂ ಈಗ ತಿರುಗಿದ. "ಅದು ಕ್ಯಾಮೆರಾ ಬರೋಕೆ ಮುಂಚಿಂದು."

"ತೆಗೆದುಹಾಕಿದ್ದೀರಾ?"

"ಇಲ್ಲ. ಯಾರೂ ಆ ಗೋಜಿಗೆ ಹೋಗಿಲ್ಲ."

"ನಾನು ನಿಂತಿದ್ದೀನಿ ಆ ಸಾಲಲ್ಲಿ. ಬಣ್ಣದ ಡಬ್ಬಿ ಕೆಳಗಿಟ್ಟು ಬಂದು ನಿಲ್ಲೋದು. ಪಕ್ಕದವರ ಮುಖ ಕಾಣೋವಷ್ಟು ದೂರ, ಅದಕ್ಕಿಂತ ಜಾಸ್ತಿ ಇಲ್ಲ."

"ಲೊರೇನ್, ಒಂದು ಮೈಲಿ ಬೇಲಿ. ನನ್ನ ಹತ್ತಿರ ಅಷ್ಟು ಜನ ಎಲ್ಲಿ? ದಾದಿಯರನ್ನ ವಾರ್ಡಿಂದ ಕೀಳೋಕಾಗಲ್ಲ."

"ನನ್ನ ಹತ್ತಿರ ಇದ್ದಾರೆ."

ಅವನು ಅವಳನ್ನು ದಿಟ್ಟಿಸಿದ. "ಮಾರ್ಚಿನಲ್ಲಿ ಗೇಟು ಕೈ ಕೊಟ್ಟಿತು ಅಂತ ಈಗ ಪ್ರಾಯಶ್ಚಿತ್ತಾನಾ?"

"ಹಾಗಂತಲೇ ಇಟ್ಕೋ. ತೆಗೀತೀಯಾ?"

"ಒಬ್ಬರು ಮುಂದಿನವರ ಹೆಸರು ಕೂಗ್ತಾ, ಆ ಕೂಗು ಗೇಟಿಂದ ಹೊರಟು, ಸುತ್ತಿ, ಗೇಟಿಗೇ ವಾಪಸ್ ಬರಬೇಕು. ಎಲ್ಲೂ ಕಡೀಬಾರದು. ಬಂದ್ರೆ ತೆಗೀತೀನಿ. ಇಲ್ದಿದ್ರೆ ಅವನು ವಾರ್ಡಿಗೆ ವಾಪಸ್."

ಅಡುಗೆಮನೆಯಲ್ಲಿ ಬ್ರೆಂಡಾ ಮೀನಿಗೆ ಹಿಟ್ಟು ಕಲಸುತ್ತಿದ್ದಳು. ಶುಕ್ರವಾರದ ಮೀನು ಇಲ್ಲಿ ಹುಡುಗಾಟದ ವಿಷಯವಲ್ಲ.

"ಎಲ್ಲರನ್ನೂ?" ಅಂದಳು. "ಪಾತ್ರೆ ತೊಳೆಯೋರನ್ನೂ?"

"ಎಲ್ಲರನ್ನೂ. ಊಟ ತಡ ಆಗುತ್ತೆ ಅಂತ ವಾರ್ಡುಗಳಿಗೆ ಫೋನ್ ಮಾಡಿದ್ದೀನಿ."

"ಬೈಸ್ಕೊಳ್ಳೋಳು ನಾನು ತಾನೇ. ನೀನು ಕಚೇರಿಯಲ್ಲಿ ಬಿಸ್ಕತ್ತು ತಿಂತಾ ಕೂತಿರ್ತೀಯಾ." ಬ್ರೆಂಡಾ ಕೈ ತೊಳೆದು ಕೋಟು ಹುಡುಕಿದಳು. "ರೇಮಂಡಿಗಾ?"

"ಹೌದು."

"ಅದನ್ನ ಮೊದಲು ಹೇಳಬಾರದಾ? ಇಷ್ಟು ವರ್ಷದಲ್ಲಿ ನನ್ನ ಕಸ್ಟರ್ಡು ಚೆನ್ನಾಗಿದೆ ಅಂದೋನು ಅವನೊಬ್ಬನೇ. ಸುಳ್ಳೇ ಇರಬಹುದು. ಆದ್ರೂ ಅಂದ."

ಒಬ್ಬೊಬ್ಬರಾಗಿ ಅವರು ಮಂಜಿನೊಳಗೆ ನಡೆದುಹೋದರು. ಕೊಳಾಯಿಯವರು, ತೋಟದವರು, ತೋಳಿಗೆ ಹಿಟ್ಟು ಮೆತ್ತಿಕೊಂಡಿದ್ದ ಅಡುಗೆಯವರು, ಮೈಯಲ್ಲಿ ಇನ್ನೂ ಬಿಸಿ ಬಟ್ಟೆಯ ವಾಸನೆಯಿದ್ದ ಲಾಂಡ್ರಿಯ ಹೆಂಗಸರು. ಹತ್ತು ಹೆಜ್ಜೆಗೇ ಪ್ರತಿಯೊಬ್ಬರೂ ಬೂದುಬಣ್ಣದ ಗುರುತಾಗಿ, ಆಮೇಲೆ ಅದೂ ಅಲ್ಲದಾಗುತ್ತಿದ್ದರು. ದಿನಕ್ಕೆ ನೂರು ಸಲ ಬೀಗ ತೆಗೆದು ಬೀಗ ಹಾಕಿ ಓಡಾಡುವ ಈ ಜನ ಬೇಲಿಯ ಪಕ್ಕದ ಒದ್ದೆ ಹುಲ್ಲಿನ ಮೇಲೆ ಸುಮ್ಮನೆ ನಿಂತದ್ದು ಅಪರೂಪ. ಜಾಲರಿಯ ಒಂದೊಂದು ಕಣ್ಣಿನಲ್ಲೂ ನೀರಿನ ಹನಿ ಕೂತಿತ್ತು. ಎಲ್ಲಿಂದಲೋ ಒಂದು ಕುರಿ ಕೆಮ್ಮಿತು, ವಯಸ್ಸಾದ ಗಂಡಸು ಕೆಮ್ಮಿದ ಹಾಗೆಯೇ. ಸಾಲಿನಲ್ಲಿ ಯಾರೋ ನಕ್ಕರು. ನಗು ಒಬ್ಬರಿಂದೊಬ್ಬರಿಗೆ ದಾಟುತ್ತ ದೂರಕ್ಕೆ ಹೋಯಿತು.

ಕೊನೆಗೆ ಒಂದೇ ಒಂದು ಕಡೆ ಜನ ಸಾಲಲಿಲ್ಲ. ಪಶ್ಚಿಮದ ಮೂಲೆಯ ಆ ಜಾಗದಲ್ಲಿ ಲೊರೇನ್ ತಾನೇ ನಿಲ್ಲಬಹುದಿತ್ತು, ಆದರೆ ಅವಳು ಗೇಟಿನಲ್ಲಿರಬೇಕು. ಅವಳು ರೇಡಿಯೋ ಎತ್ತುವಷ್ಟರಲ್ಲಿ ಆಸ್ಕ್ಯೂ ಮಳೆಕೋಟಿನ ಗುಂಡಿ ಹಾಕಿಕೊಳ್ಳುತ್ತ ಆ ಮೂಲೆಯ ಕಡೆ ಹಾದುಹೋದ.

"ಬಿಳಿ ಪರದೆ ನೋಡೋಕೆ ಇಬ್ಬರು ಸಾಕು," ಅಂದ. "ಗೇಟಿನ ಮಾತು ರೇಡಿಯೋದಲ್ಲಿ ನಾನೇ ಹೇಳ್ತೀನಿ. ನೀನಲ್ಲ."

ಮಂಜು ಘೋಷಿಸುವ ಮುಂಚೆಯೇ ವ್ಯಾನು ಹತ್ತಿದ್ದ ರೇಮಂಡ್ ಹೊಸ ಜಾಕೆಟ್ಟು ಹಾಕಿಕೊಂಡು ಒಳಗೆ ಕೂತಿದ್ದ. ಪಕ್ಕದಲ್ಲಿ ನರ್ಸ್ ತೆಂಡಾಯಿ, ದೂರದ ಹರಾರೆಯಿಂದ ಬಂದು ಈ ಊರಿನಲ್ಲೇ ಮನೆ ಕೊಂಡವನು. ಲೊರೇನ್ ಬಾಗಿಲ ಹತ್ತಿರ ಬಗ್ಗಿದಳು.

"ಹೇಗಿದ್ದೀರಿ, ರೇಮಂಡ್?"

"ಮೋಟಾರು ಸರಿಯಾಗಿದೆಯಾ, ಮಿಸೆಸ್ ಥ್ವೈಟ್?"

"ಇದೆ. ಬೆಳಿಗ್ಗೆ ನಾನೇ ನೋಡಿದೆ."

"ಹಾಗಾದ್ರೆ ಇವತ್ತು ಬೇರೇನೋ ಕೆಟ್ಟಿರಬೇಕು," ಅಂದ ಅವನು, ದೂರಿನ ದನಿಯಲ್ಲಲ್ಲ. "ಆಕಾಶಾನಾ?"

"ಇವರು ರಾತ್ರಿಯಿಡೀ ನಿದ್ದೆ ಮಾಡಿಲ್ಲ," ಅಂದ ತೆಂಡಾಯಿ. "ನನ್ನನ್ನೂ ಮಲಗೋಕೆ ಬಿಟ್ಟಿಲ್ಲ. ಐರಿಸಕ್ಕನ ಮನೆ ಬಸ್ಸಿನ ನಂಬರು ನನಗೂ ಬಾಯಿಪಾಠ ಆಗಿದೆ."

ಲೊರೇನ್ ಗೇಟಿನ ಬುಡಕ್ಕೆ ಹೋಗಿ ಮೊದಲ ಹೆಸರು ಕೂಗಿದಳು. ಆ ಹೆಸರಿನವರು ಮುಂದಿನವರ ಹೆಸರು ಕೂಗಿದರು. ಕೂಗು ಬಲಕ್ಕೆ ಹೊರಟಿತು. ತೋಟದ ಬದಿಯಲ್ಲಿ ಅದು ಚಿಕ್ಕದಾಯಿತು, ಆಟದ ಬಯಲಿನ ಹಿಂದೆ ಹಕ್ಕಿಯ ಸದ್ದಿನಷ್ಟಾಯಿತು, ಆಮೇಲೆ ಕೇಳಿಸಲಿಲ್ಲ. ಅವಳು ಎಡಕಿವಿ ಒಡ್ಡಿ ಕಾದಳು. ಬರಲಿಲ್ಲ.

ಎರಡನೇ ಸಲವೂ ಹಾಗೇ ಆಯಿತು.

ರೇಡಿಯೋದಲ್ಲಿ ಬಡಗಿ ನೆವ್ ಮಾತಾಡಿದ. "ಬಾಸ್, ಇಲ್ಲಿ ಬಾಯ್ಲರ್ ಮನೆ ಹಿಂದೆ ಕಡೀತಿದೆ. ಪಕ್ಕದವಳ ಬಾಯಿ ಆಡೋದು ಕಾಣ್ತಿದೆ, ಬಾಯ್ಲರ್ ಸದ್ದಿಗೆ ಏನಂತಾಳೋ ಕೇಳ್ತಿಲ್ಲ. ಮನೇಲಿ ಹೆಂಡ್ತಿ ಜೊತೆ ಇದ್ದ ಹಾಗಿದೆ."

ಆಸ್ಕ್ಯೂನ ದನಿ ಬಂತು. "ಕಡಿದ್ರೆ ಇಲ್ಲ, ಲೊರೇನ್. ಮೊದಲೇ ಹೇಳಿದ್ದೆ."

ಗಂಟೆ ಒಂದಾಗುತ್ತ ಬಂದಿತ್ತು. ವ್ಯಾನಿನ ಚಾಲಕ ಗಡಿಯಾರ ನೋಡಿದ್ದನ್ನು ಲೊರೇನ್ ಕಂಡಳು. ಬಾಯ್ಲರ್ ನಿಲ್ಲಿಸಿದರೆ ಎಲ್ಲ ವಾರ್ಡಿನ ಬಿಸಿನೀರು, ಬಿಸಿಗಾಳಿ ನಿಲ್ಲುತ್ತದೆ. ಹಳೆಯದು, ಮತ್ತೆ ಹೊತ್ತಿಕೊಳ್ಳಲು ಹಟ ಮಾಡುವ ಜಾತಿ. ಅದು ಹೊತ್ತದಿದ್ದರೆ ಈ ನವೆಂಬರಿನಲ್ಲಿ ಇನ್ನೂರು ಜನ ಅವಳ ಹೆಸರು ಹೇಳಿಕೊಂಡು ನಡುಗುತ್ತಾರೆ. ಅವಳು ಒಂದು ಕ್ಷಣ ಗೇಟಿನ ತಣ್ಣನೆಯ ಉಕ್ಕಿನ ಮೇಲೆ ಕೈ ಇಟ್ಟು ನಿಂತಳು.

"ನೆವ್, ನಿಲ್ಲಿಸು."

"ಪೂರ್ತಿನಾ?"

"ಪೂರ್ತಿ. ನಿಲ್ಲಿಸಿ ಮತ್ತೆ ನಿನ್ನ ಜಾಗಕ್ಕೆ ಹೋಗು."

ಸದ್ದು ಒಮ್ಮೆಲೇ ಹೋಗಲಿಲ್ಲ. ದೊಡ್ಡ ಪ್ರಾಣಿಯೊಂದು ಮಲಗುವ ಮುನ್ನ ಉಸಿರು ಬಿಡುವಂತೆ ಇಳಿಯುತ್ತ ಇಳಿಯುತ್ತ ನಿಂತಿತು. ಸ್ಕಾರ್‌ಬೆಕ್‌ನಲ್ಲಿ ಅಂಥ ಮೌನ ಯಾರೂ ಕೇಳಿದ್ದಿಲ್ಲ. ಅಷ್ಟು ದೂರದ ತೊರೆ ಕೇಳಿಸಿತು. ಜಾಲರಿಯಿಂದ ಹನಿ ಬೀಳುವುದು ಕೇಳಿಸಿತು. ವಾರ್ಡುಗಳ ತೆರೆಯದ ಕಿಟಕಿಗಳಲ್ಲಿ ಒಂದೊಂದಾಗಿ ಮುಖಗಳು ಬಂದು ನಿಂತವು. ಏನೋ ನಿಂತಿದೆ ಎಂದಷ್ಟೇ ಅವರಿಗೆ ಗೊತ್ತಾಗಿತ್ತು, ಏನೆಂದಲ್ಲ. ಇಡೀ ಆಸ್ಪತ್ರೆ ಬಿಳುಪಿನ ಮೇಲೆ ತೇಲುತ್ತಿರುವಂತೆ, ಅದರ ಹಗ್ಗ ಯಾರೋ ಬಿಚ್ಚಿದಂತೆ ಲೊರೇನಳಿಗೆ ಕಂಡಿತು.

ವ್ಯಾನಿನೊಳಗಿಂದ ರೇಮಂಡ್ ಮೆಲ್ಲಗೆ ಅಂದ: "ನನ್ನ ತಲೆಯೊಳಗಿನ ಸದ್ದು ಅಂದ್ಕೊಂಡಿದ್ದೆ, ತೆಂಡಾಯಿ. ಇಷ್ಟು ವರ್ಷ. ಅದು ಕಟ್ಟಡದ್ದಾ?"

"ಕಟ್ಟಡದ್ದು, ರೇಮಂಡ್."

ಲೊರೇನ್ ಮೂರನೇ ಸಲ ಕೂಗಿದಳು. ಹೆಸರುಗಳು ಮಂಜಿನೊಳಗೆ ಒಂದರ ಹಿಂದೊಂದು ನಡೆದವು. ತೋಟ ದಾಟಿದವು, ಬಯಲು ದಾಟಿದವು. ಬಾಯ್ಲರ್ ಮನೆಯ ಹಿಂದೆ ನೆವ್‌ನ ಹೆಸರು ಬಿತ್ತು, ನೆವ್ ಮುಂದಿನ ಹೆಸರು ಎತ್ತಿಕೊಂಡ. ಪಶ್ಚಿಮದ ಮೂಲೆಯಲ್ಲಿ ಲಾಂಡ್ರಿಯ ಹುಡುಗಿಯೊಬ್ಬಳು ಆಸ್ಕ್ಯೂನನ್ನು "ಗ್ರೇಮ್" ಎಂದು ಮೊದಲ ಸಲ ಕೂಗಿದಳು. ಎಡಗಡೆಯಿಂದ ಕೂಗು ದೊಡ್ಡದಾಗುತ್ತ ಬಂತು. ಬ್ರೆಂಡಾಳ ಒರಟು ಗಂಟಲು ಕೊನೆಯದು: "ಲೊರೇನ್!"

ರೇಡಿಯೋ ಗೊರಗುಟ್ಟಿತು. "ತೆಗೀರಿ," ಅಂದ ಆಸ್ಕ್ಯೂ.

ಒಳಗೇಟು ತೆರೆಯಿತು, ವ್ಯಾನು ನಡುವಿನ ಜಾಗಕ್ಕೆ ಸರಿಯಿತು, ಒಳಗೇಟು ಮುಚ್ಚಿತು. ಆಮೇಲೆ ಹೊರಗೇಟು. ಕಿಟಕಿಯಲ್ಲಿ ರೇಮಂಡ್ ಅವಳ ಕಡೆ ಕೈ ಎತ್ತಿದನೋ ಇಲ್ಲವೋ ತಿಳಿಯಲಿಲ್ಲ. ವ್ಯಾನಿನ ಕೆಂಪು ದೀಪ ನಾಲ್ಕು ಮಾರು ಹೋಗಿ ಕರಗಿತು. ಎಂಜಿನ್ನಿನ ಸದ್ದು ಮಾತ್ರ ಬಹಳ ಹೊತ್ತು ಇಳಿಜಾರಿನಲ್ಲಿ ಕೇಳಿಸುತ್ತಿತ್ತು.

ಬಾಯ್ಲರ್ ಹೊತ್ತಿಸಲು ನೆವ್‌ನಿಗೆ ಹೇಳಿದಳು. ಎರಡು ಸಲ ಹಟ ಮಾಡಿ ಹೊತ್ತಿಕೊಂಡಿತು.

ಸಾಲು ಮುಗಿಯಿತು ಎಂದು ರೇಡಿಯೋದಲ್ಲಿ ಹೇಳಬಹುದಿತ್ತು. ಆದರೆ ಅಲ್ಲಿ ನಿಂತಿದ್ದವರಲ್ಲಿ ಬಹುಪಾಲು ಜನರ ಕೈಯಲ್ಲಿ ರೇಡಿಯೋ ಇರಲಿಲ್ಲ. ಲೊರೇನ್ ಬೇಲಿಯ ಉದ್ದಕ್ಕೂ ನಡೆದಳು. ಮಂಜಿನಿಂದ ಒಬ್ಬೊಬ್ಬರಾಗಿ ಮೂಡಿಬಂದರು, ಮೂಗು ಕೆಂಪಾಗಿ, ಕೂದಲಲ್ಲಿ ಹನಿ ಕಟ್ಟಿಕೊಂಡು. ಎಲ್ಲರೂ ಒಂದೇ ಮಾತು ಕೇಳಿದರು.

"ಹೋದ್ನಾ?"

"ಹೋದ," ಅಂದಳು ಅವಳು, ಮತ್ತು ಮುಂದಿನವರ ಕಡೆ ನಡೆದಳು.