ನಾಲ್ಕು ಕೆಂಪು ದೀಪ

ಮೈಕಿನ ಮಿಕ್ಸರಿನ ಮೇಲಿದ್ದ ನಾಲ್ಕನೆಯ ಗುಂಡಿಯನ್ನೂ ರುಬೀನಿ ಒತ್ತಿದಳು. ಕೆಂಪು ದೀಪ ಹತ್ತಿತು. ನಂಬಿಕೆ ಸಾಲದೆ ಮತ್ತೆ ಮೊದಲಿನಿಂದ ಬೆರಳಿಟ್ಟು ನೋಡಿದಳು. ಪಾದ್ರಿಯ ಮೈಕಿನದು, ಹಾಡುವವರಿಬ್ಬರದು, ಬೈಬಲ್ ಓದುವವನದು. ನಾಲ್ಕೂ ಹತ್ತಿವೆ.

ಹತ್ತು ಹೆಜ್ಜೆ ಆಚೆ, ಚರ್ಚಿನ ನಡುವೆ, ತೆರೆದ ಶವಪೆಟ್ಟಿಗೆಯಲ್ಲಿ ಗಂಡ ಪನಾಗಿಸ್ ಮಲಗಿದ್ದ. ಮೂವತ್ತೈದು ವರ್ಷ ಕೆಫಲೋನಿಯಾ ದ್ವೀಪದ ಊರೂರಿನ ಹಬ್ಬ, ಮದುವೆಗಳಿಗೆ ಮೈಕು ಹಾಕಿದವನು. ಗಂಡನ ಪಕ್ಕದ ಕುರ್ಚಿ ಬಿಟ್ಟು ಮಿಕ್ಸರಿನ ಮುಂದೆ ಕೂರುವವಳು ಯಾವ ಸೀಮೆಯ ವಿಧವೆ ಎಂದು ನಾದಿನಿ ಆಗಲೇ ಸಿಡುಕಿದ್ದಳು. ಗಂಡನ ಗೆಳೆಯ ಮೆಮಾಸ್ ಬಂದು ಬಗ್ಗಿದ.

"ನಾನು ನೋಡ್ಕೋತೀನಿ ಅತ್ತಿಗೆ. ನೀವು ಹೋಗಿ ಅವನ ಹತ್ರ ಕೂತ್ಕೊಳ್ಳಿ."

"ಈ ಗುಂಡಿ ಒತ್ತೋದು ನಿನಗೆ ಮರ್ತುಹೋಗತ್ತೆ ಮೆಮಾಸ್. ಇವತ್ತೊಂದು ದಿನ ಮೈಕು ಗುಡುಗಬಾರದು."

*

ಮೊದಮೊದಲು ಪನಾಗಿಸ್‌ಗೆ ಆ ಗುಂಡಿಗಳ ಹೈಪಾಸ್ ಫಿಲ್ಟರ್ ಎಂದರೆ ತಾತ್ಸಾರ. ದಪ್ಪ ದನಿಯನ್ನೆಲ್ಲ ಸೋಸಿ ಬಿಸಾಡಿದರೆ ಹಾಡಿಗೆ ಮೈ ಎಲ್ಲಿಂದ ಬರಬೇಕು ಎಂದು ವಾದಿಸುತ್ತಿದ್ದ. ಊರಿನ ಸಭಾಂಗಣದೊಳಗೆ ನಡೆದ ಒಂದು ಹಬ್ಬದಲ್ಲಿ ಆ ಗುಂಡಿಗಳನ್ನು ಮುಟ್ಟಲೇ ಇಲ್ಲ. ಹಲಗೆಯ ಮೇಲೆ ಕುಣಿಯುವವರ ಕಾಲಿನ ಸದ್ದೆಲ್ಲ ಮೈಕಿಗೆ ನುಗ್ಗಿ, ದೊಡ್ಡ ಸ್ಪೀಕರುಗಳಿಂದ ಗುಡುಗುಡು ಎಂದು ಹೊರಬಂತು. ನೆಲ ನಡುಗಿತು. ಬೇರೆ ಊರಿನವರಾಗಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಪದೇ ಪದೇ ನೆಲ ನಡುಗುವ ಈ ದ್ವೀಪದವರು ಭೂಕಂಪವೆಂದು ಬಾಗಿಲಿಗೆ ಓಡಿದರು. ಆ ನೂಕುನುಗ್ಗಲಲ್ಲಿ ಅವನ ತಾಯಿಯ ಸೊಂಟ ಮುರಿಯಿತು. ಆಕೆ ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ.

ಅಂದಿನಿಂದ ಪ್ರತಿ ಮೈಕಿಗೂ ಗುಂಡಿ ಒತ್ತಿದ ಮೇಲೆ ರುಬೀನಿಯ ಕಡೆ ತಿರುಗುತ್ತಿದ್ದ. "ಒತ್ತಿದೀನಿ ತಾನೇ?"

"ಒತ್ತಿದೀಯ," ಎನ್ನುತ್ತಿದ್ದಳು. ಅದಾದ ಮೇಲೇ ಅವನು ಉಸಿರು ಬಿಡುತ್ತಿದ್ದುದು.

*

ಪಾದ್ರಿ ಪ್ರಾರ್ಥನೆ ಅರ್ಧ ಮುಗಿಸಿದ್ದಾಗ ಗುಡುಗುಡು ಎಂದಿತು. ಒಂದೇ ಗಳಿಗೆ. ಮುಂದಿನ ಸಾಲಿನವರು ಕುರ್ಚಿಯಿಂದ ಅರ್ಧ ಎದ್ದರು. ಮೆಮಾಸ್ ಕೈಯೆತ್ತಿ ಎಲ್ಲರನ್ನೂ ಕೂರಿಸಿದ.

"ಮೈಕಿನ ಸದ್ದು, ಕೂತ್ಕೊಳ್ಳಿ. ಪಾಪ, ಅತ್ತಿಗೆಗೆಲ್ಲಿ ಗೊತ್ತಾಗತ್ತೆ."

ಜನ ಕೂತರು. ಪನಾಗಿಸ್ ಇದ್ದಿದ್ದರೆ ಹೀಗಾಗುತ್ತಿತ್ತೇ ಎಂದು ಯಾರೋ ಲೊಚಗುಟ್ಟಿದರು. ರುಬೀನಿ ಮಿಕ್ಸರಿನ ಮೇಲೆ ಬಗ್ಗಿದಳು. ಅವನ ದಿನವೇ ಅವನ ಮರ್ಯಾದೆ ತೆಗೆದೆನೇ? ದೀಪಗಳನ್ನು ನೋಡಿದಳು. ಒಂದು, ಎರಡು, ಮೂರು, ನಾಲ್ಕು.

ಮತ್ತೆ ಗುಡುಗುಡು. ಅವಳು ದನಿಯನ್ನೆಲ್ಲ ಪೂರ್ತಿ ಇಳಿಸಿಬಿಟ್ಟಳು. ಸ್ಪೀಕರುಗಳಲ್ಲಿ ಪಾದ್ರಿಯ ದನಿ ನಿಂತಿತು. ಗುಡುಗುಡು ನಿಲ್ಲಲಿಲ್ಲ.

ಅವಳು ಎದ್ದು ನಿಂತಳು.

"ಇದು ಮೈಕ್ ಅಲ್ಲ. ಎಲ್ಲಾ ಹೊರಗೆ ಹೋಗಿ. ನಾನು ಒತ್ತಿದೀನಿ ಮೆಮಾಸ್, ನಾಲ್ಕೂ ಒತ್ತಿದೀನಿ."

ಮೆಮಾಸ್ ಅವಳ ಮುಖ ನೋಡಿದ. ನಾದಿನಿಯನ್ನು ಎಬ್ಬಿಸಿಕೊಂಡು ಬಾಗಿಲಿಗೆ ನಡೆದ. ಜನ ಅವನ ಹಿಂದೆ ನುಗ್ಗಿದರು. ಕೊನೆಯವಳಾಗಿ ರುಬೀನಿ ಹೊಸ್ತಿಲು ದಾಟುತ್ತಿದ್ದಂತೆ ನೆಲ ಒಮ್ಮೆ ಜೋರಾಗಿ ಜಗ್ಗಿತು. ಒಳಗೆ ಏನೋ ಧೊಪ್ಪೆಂದು ಬಿತ್ತು.

ಎಲ್ಲ ನಿಂತ ಮೇಲೆ ಬಾಗಿಲಲ್ಲಿ ಇಣುಕಿದಳು. ಗಂಡನ ಪಕ್ಕ ಅವಳಿಗೆಂದು ಇಟ್ಟಿದ್ದ ಕುರ್ಚಿ ಚಾವಣಿಯ ಗಾರೆಯಡಿ ಮುರಿದು ಬಿದ್ದಿತ್ತು. ಪನಾಗಿಸ್‌ನ ಮೀಸೆಯ ಮೇಲೆ ಬಿಳಿ ಧೂಳು ಕೂತಿತ್ತು. ಆಚೆ ಮೂಲೆಯಲ್ಲಿ ನಾಲ್ಕು ಕೆಂಪು ದೀಪಗಳು ಹಾಗೇ ಉರಿಯುತ್ತಿದ್ದವು.