ನೂಲಿಲ್ಲದೆ ಓಡಿದ ಮೆಷಿನ್

ನಮ್ಮ ಬೀದಿಯ ಟೈಲರಣ್ಣನಿಗೆ ಕೆಲವು ವರ್ಷಗಳಿಂದ ಕೈ ನಡುಕ. ಗಿರಾಕಿ ಮೆಟ್ಟಿಲು ಹತ್ತಿದರೆ ಸಾಕು, ಗಡಗಡ ಮೆಷಿನ್ ತುಳಿಯುತ್ತಿದ್ದ. ಮೆಷಿನ್ ಅದುರುವಾಗ ಕೈ ಅದುರುವುದು ಯಾರಿಗೆ ಕಾಣುತ್ತದೆ? ಭಾರಿ ಬುದ್ಧಿವಂತ.

ಆವತ್ತು ಯೂನಿಫಾರಂ ಸರಿಮಾಡಿಸಲು ಬಂದ ನರ್ಸಮ್ಮ ಬಗ್ಗಿ ನೋಡಿದರು.

"ಅಣ್ಣ, ಸೂಜಿಯಲ್ಲಿ ನೂಲೇ ಇಲ್ಲ. ಏನು ಹೊಲೀತಿದ್ದೀರಿ?"

ಅವನು ತುಳಿಯುತ್ತಲೇ ಇದ್ದ. ಹೆಂಡತಿ ಒಳಗಿನಿಂದ ಬಂದು ಚಕ್ರ ಹಿಡಿದು ನಿಲ್ಲಿಸಿದಳು. ಮೆಷಿನ್ ನಿಂತರೂ ಕೈ ನಿಲ್ಲಲಿಲ್ಲ.

"ಪಾರ್ಕಿನ್ಸನ್ ಕಾಯಿಲೆಯಂತೆ," ಎಂದಳು ನರ್ಸಮ್ಮನಿಗೆ. "ಮಾತ್ರೆ ನುಂಗಿದ್ರೆ ಎರಡು ಗಂಟೆ ಸರಿ, ಆಮೇಲೆ ಯಥಾಪ್ರಕಾರ. ಆಪರೇಷನ್ ಒಗ್ಗುತ್ತಾ ನೋಡೋಣ, ಬನ್ನಿ ಅಂದಿದಾರೆ ಡಾಕ್ಟರು. ಇವರು ಜಪ್ಪಯ್ಯ ಅಂದ್ರೂ ಹೋಗಲ್ಲ."

"ತಲೆ ಕೊರೆದು ಕರೆಂಟ್ ಕೊಡ್ತಾರಂತೆ," ಅವನು ಸಿಡುಕಿದ. "ಎದ್ದ ಮೇಲೆ ಹೆಂಡತಿ ಮಕ್ಕಳ ಗುರುತೇ ಸಿಗದಿದ್ರೆ?"

ನರ್ಸಮ್ಮ ಸ್ಟೂಲು ಎಳೆದು ಕೂತರು. "ಭಯ ಸಹಜ ಅಣ್ಣ. ಆದ್ರೆ ಇದರಿಂದ ಸಾಮಾನ್ಯವಾಗಿ ಮನೆಯವರ ಗುರುತು ಮರೆಯಲ್ಲ. ಮೆದುಳು ಒಂದು ಲಯದಲ್ಲಿ ಕೆಲಸ ಮಾಡುತ್ತೆ. ಈ ಕಾಯಿಲೆಯಲ್ಲಿ ಆ ಲಯ ಕೆಟ್ಟು, ಕೈಕಾಲು ಮಾತು ಕೇಳಲ್ಲ. ಮೆದುಳಿನ ಆಳದಲ್ಲಿ ತೆಳು ತಂತಿ ಇಟ್ಟು, ಎದೆ ಚರ್ಮದಡಿ ಬ್ಯಾಟರಿ ಕೂರಿಸ್ತಾರೆ. ಅದರ ಸಣ್ಣ ಕರೆಂಟು ಲಯವನ್ನ ಹತೋಟಿಗೆ ತರುತ್ತೆ. ಮಾತ್ರೆಗೆ ಬಗ್ಗದ ಗೀಳು ಕಾಯಿಲೆಗೂ ಕೆಲವರಿಗೆ ಇದನ್ನ ಮಾಡ್ತಾರೆ."

"ಪೂರ್ತಿ ವಾಸಿ ಆಗುತ್ತಾ?" ಹೆಂಡತಿ ಕೇಳಿದಳು.

"ಸುಳ್ಳು ಹೇಳಲ್ಲ, ಆಗಲ್ಲ. ಮಾತ್ರೆಯೂ ಬೇಕಾಗಬಹುದು. ಸೋಂಕು, ರಕ್ತಸ್ರಾವದ ಅಪಾಯ ಸ್ವಲ್ಪ ಇದೆ. ಎಲ್ಲರಿಗೂ ಒಗ್ಗಲ್ಲ, ಅದಕ್ಕೇ ಮೊದಲು ಪರೀಕ್ಷೆ. ಒಗ್ಗಿದವರಿಗೆ ನಡುಕ ಎಷ್ಟೋ ತಗ್ಗುತ್ತೆ."

ಅವನು ಕಾಲು ಕುಣಿಸುತ್ತ ಬೀದಿ ನೋಡಿದ.

"ಗುರುತಿನ ಮಾತು ಆಡಿದ್ರಲ್ಲ," ಎಂದಳು ಹೆಂಡತಿ. "ಮಗಳು ಹತ್ರ ಬಂದ್ರೆ ಕೈ ಬೆನ್ನ ಹಿಂದೆ ಇಟ್ಕೋತೀರಿ. ಅಪ್ಪಂಗೆ ನನ್ನ ಮೇಲೆ ಕೋಪನಾ ಅಂತ ಕೇಳ್ತಾಳೆ. ನಾನೇನು ಹೇಳಲಿ?"

ಅವನು ಪೆಡಲಿನಿಂದ ಕಾಲು ಕೆಳಗಿಳಿಸಿ ಕೇಳಿದ, "ಪರೀಕ್ಷೆಗೆ ಯಾವಾಗ ಹೋಗಬೇಕು?"

"ನಾಳೆ. ನಾನೂ ಬರ್ತೀನಿ," ಎಂದಳು ಹೆಂಡತಿ.

ಸಂಜೆ ಮಗಳು ಶಾಲೆಯಿಂದ ಬಂದಳು. ಅವನು ಕೈ ಮುಚ್ಚಿಡಲಿಲ್ಲ. ನಡುಗುವ ಕೈಯನ್ನೇ ಅವಳ ತಲೆಯ ಮೇಲಿಟ್ಟ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕೈ ಅಡಗಿಸಿಕೊಂಡು ಓಡಾಡುತ್ತಿದ್ದಾರೆಯೇ? ಬೈಯಬೇಡಿ, ನಗಬೇಡಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಲೂಬೇಡಿ. ನರರೋಗ ತಜ್ಞರಿಗೆ ತೋರಿಸಿ. ಅವರನ್ನು ಒಬ್ಬರನ್ನೇ ಕಳಿಸದೆ ನೀವೂ ಜೊತೆಗೆ ಹೋಗಿ.